ಎಲ್ವಾಳ ಹೂಂಕಾರ

"ಬೇಕಾದರೆ ತುಟಿಗೆ ಹೊಲಿಗೆ ಹಾಕ್ಕೊಂಡೂ ನಿನ್ನನ್ನ ಸೋಲಿಸ್ತೀನಿ ಕಣೇ ಲೋರ್ನಾ."

ಟರ್ಕಬೀಲ್ ಟೆನಿಸ್ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ, ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಮೊಟ್ಟೆ ಸ್ಯಾಂಡ್‌ವಿಚ್ಚು ಹಿಡಿದುಕೊಂಡು ಎಲ್ವಾ ಟ್ರೆವಿನ್ ಈ ಮಾತು ಹೇಳಿದಾಗ ಸುತ್ತ ಹದಿನೈದು ಜನ ಸಾಕ್ಷಿಗಳಿದ್ದರು. ಸಾಕ್ಷಿಗಳಿಲ್ಲದೆ ಹೋಗಿದ್ದರೆ ಅರ್ಧ ಅನಾಹುತ ಅಲ್ಲೇ ತಪ್ಪುತ್ತಿತ್ತು.

ಮಾತು ಎದ್ದದ್ದು ಎಲ್ವಾಳ ಹೂಂಕಾರದಿಂದ. ಐವತ್ತೊಂಬತ್ತು ವರ್ಷದ, ಶಾಲೆಯ ಬಸ್ಸು ಓಡಿಸುವ, ಸೊಂಟ ಅಷ್ಟಾಗಿ ಬಗ್ಗದ ಈ ಹೆಂಗಸು ಪ್ರತಿ ಹೊಡೆತಕ್ಕೂ "ಹ್ಹೂಂ...ಹ್" ಎಂದು ಹೊಟ್ಟೆಯ ತಳದಿಂದ ಒಂದು ಸದ್ದು ಬಿಡುತ್ತಿದ್ದಳು. ಆ ಸದ್ದಿಗೆ ಗಲಾ ಗಿಳಿಗಳ ಹಿಂಡು ಹಾರುವ ದಾರಿ ಬದಲಿಸುತ್ತಿತ್ತು. ಗೋಧಿ ಸಾಗಿಸುವ ರೈಲಿನ ಚಾಲಕ ಒಮ್ಮೆ ಅದನ್ನು ಸಿಗ್ನಲ್ ಅಂದುಕೊಂಡು ಊರಾಚೆಯೇ ಗಾಡಿ ನಿಲ್ಲಿಸಿ, ಅವಳು ಸೆಟ್ ಮುಗಿಸುವ ತನಕ ಕಾದ. ಹದಿನೆಂಟು ವರ್ಷದಿಂದ ಕಿವುಡರಾಗಿದ್ದ ಪಾದ್ರಿಗಳು ಒಂದು ಶನಿವಾರ ತಟ್ಟನೆ ತಲೆಯೆತ್ತಿ "ಯಾರದು?" ಎಂದು ಕೇಳಿದರು. ಇದಕ್ಕೆ ಚರ್ಚಿನಲ್ಲಿ ದಾಖಲೆ ಇಲ್ಲ, ಆದರೆ ಊರಲ್ಲಿ ನಂಬದವರೂ ಇಲ್ಲ.

ಅವಳು ಇದನ್ನು ಕಲಿತದ್ದು ಯಾವ ಕೋಚಿನಿಂದಲೂ ಅಲ್ಲ, ಅಪ್ಪನಿಂದ. ಗೋಧಿ ಇನ್ನೂ ಮೂಟೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಅವಳಪ್ಪ ರೈಲ್ವೆ ಅಂಗಳದಲ್ಲಿ ದಿನಕ್ಕೆ ನಾನೂರು ಮೂಟೆ ಹೊರುತ್ತಿದ್ದ. "ಭಾರ ಏಳೋ ಹೊತ್ತಿಗೆ ಉಸಿರು ಆಚೆ ಹೋಗಬೇಕು ಮಗಳೇ. ಒಳಗೆ ಹಿಡಿದಿಟ್ಟೋನು ನಲವತ್ತಕ್ಕೇ ಸತ್ತ" ಎನ್ನುತ್ತಿದ್ದ. ಅವನು ಬದುಕಿದ್ದು ಎಂಬತ್ತೆರಡು ವರ್ಷ. ಎಲ್ವಾಳಿಗೆ ಚೆಂಡೂ ಒಂದು ಮೂಟೆ.

ಪಕ್ಕದೂರು ವಿಲ್ಕೂರಿನ ನಾಯಕಿ ಲೋರ್ನಾ ನೋಸ್ಕೆ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. ಕೆನೆಯಲ್ಲಿ ಅದ್ದಿ ತೆಗೆದಂತಿರುವ, ಆಟದ ಕೊನೆಗೂ ಮಡಿಕೆ ಕೆಡದ ಬಿಳಿ ಲಂಗದ ಹೆಂಗಸು ಅವಳು. ಫೈನಲ್ಲಿಗೆ ಎರಡು ವಾರ ಇದ್ದಾಗ ಶೆಡ್ಡಿನಲ್ಲಿ ಅವಳೇ ಕೆಣಕಿದಳು: "ನಿನ್ನ ಆಟ ನಿನ್ನ ಕೈಯಲ್ಲಿಲ್ಲ, ಗಂಟಲಲ್ಲಿದೆ. ಎದುರಿಗಿರೋರು ಬೆಚ್ಚಿಬಿದ್ದು ಸೋಲ್ತಾರೆ, ಅಷ್ಟೇ."

ಆಗ ಬಂದದ್ದು ತುಟಿ ಹೊಲಿಯುವ ಮಾತು.

"ಹಾಗಾದರೆ ಬರೀಲಾ?" ಎಂದಳು ಲೋರ್ನಾ.

"ಬರಿ. ಪೆನ್ನು ಬೇಕಾದರೆ ನಂದೇ ತಗೋ."

ನಮ್ಮ ವಿಮ್ಮೆರಾ ಬಯಲಿನ ಶನಿವಾರದ ಟೆನಿಸ್ಸಿನಲ್ಲಿ ಅಂಪೈರ್ ಎಂಬ ಪ್ರಾಣಿ ಇಲ್ಲ. ಚೆಂಡು ಗೆರೆಯ ಒಳಗೋ ಹೊರಗೋ ಆಡುವವರೇ ಹೇಳಬೇಕು, ಎದುರಿನವರು ನಂಬಬೇಕು. ಇಬ್ಬರು ನಾಯಕಿಯರು ಟೀ ಹೊತ್ತಿನಲ್ಲಿ ಸ್ಕೋರು ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದೇ ಶಾಸನ. ಅದನ್ನು ಮುರಿದವರಿಗೆ ಜೈಲಿಲ್ಲ. ಅವರು ಮಾಡಿ ತಂದ ಕೇಕನ್ನು ಮುಂದೆ ಯಾರೂ ಮುಟ್ಟುವುದಿಲ್ಲ. ಜೈಲೇ ವಾಸಿ.

ಲೋರ್ನಾ ಬರೆದಳು: ಫೈನಲ್ಲಿನಲ್ಲಿ ಎಲ್ವಾ ಟ್ರೆವಿನ್ ಸದ್ದಿಲ್ಲದೆ ಆಡತಕ್ಕದ್ದು, ಒಂದು ಸದ್ದು ಬಂದರೂ ಆ ಸೆಟ್ಟು ವಿಲ್ಕೂರಿಗೆ. ಇಬ್ಬರೂ ಸಹಿ ಹಾಕಿದರು. ಎಲ್ವಾ ಸಹಿಯ ಕೆಳಗೆ ಎರಡು ಗೆರೆ ಬೇರೆ ಎಳೆದಳು.

ಟೀ ಮುಗಿದ ಮೇಲಿನ ಸೆಟ್ಟನ್ನು ಆಗಲೇ ಸದ್ದಡಗಿಸಿ ಆಡಿಯೂ ನೋಡಿದಳು. ಆದರೆ ಆ ಎರಡು ಗೆರೆಯ ಬಿಸಿ ಮನೆ ಮುಟ್ಟುವ ತನಕವೂ ಉಳಿಯಲಿಲ್ಲ. ಅವಳ ಮನೆ ಟೆನಿಸ್ ಅಂಕಣದ ಎದುರಿಗೇ, ರಸ್ತೆ ದಾಟಿದರೆ ನಲವತ್ತು ಹೆಜ್ಜೆ. ಅವಳು ಗೇಟು ತೆಗೆಯುವಾಗ ಜಗುಲಿಯ ಮಂಚದಿಂದ ಗಂಡ ಕ್ಲೆಮ್ ಕೇಳಿದ: "ಯಾಕೆ... ಟೀ ಆದ ಮೇಲೆ... ಅಷ್ಟು ಮೆತ್ತಗೆ ಹೊಡೆದೆ? ನನಗೆ... ಉಸಿರೇ ಸಿಕ್ಕಲಿಲ್ಲ."

ಎಲ್ವಾ ಗೇಟಿನ ಚಿಲಕ ಹಿಡಿದೇ ನಿಂತಳು. ತಾನು ಯಾವುದಕ್ಕೆ ಸಹಿ ಹಾಕಿದೆ ಎಂದು ಅವಳಿಗೆ ಗೊತ್ತಾದದ್ದು ಆಗ.

ಕ್ಲೆಮ್ ಮೂವತ್ತೊಂದು ವರ್ಷ ಗೋಧಿ ಕಣಜದೊಳಗೆ ಗುಡಿಸಿದವನು. ಊರಿನ ಗೋಧಿಯೆಲ್ಲ ರೈಲು ಹತ್ತಿ ಹೋಯಿತು, ಧೂಳು ಮಾತ್ರ ಅವನ ಎದೆಯಲ್ಲಿ ಉಳಿಯಿತು. ಅವನ ತೊಂದರೆ ಉಸಿರು ಎಳೆಯುವುದಲ್ಲ, ಬಿಡುವುದು. ಹಳೇ ಗಾಳಿ ಜಾಗ ಬಿಡದೆ ಹೊಸ ಗಾಳಿಗೆ ಎಡೆಯೆಲ್ಲಿ? ಡಾಕ್ಟರು ನಿಧಾನವಾಗಿ ಬಿಡು, ಉದ್ದಕ್ಕೆ ಬಿಡು, ಗಾಬರಿಯಾಗಬೇಡ ಎಂದಿದ್ದರು. ಗಾಬರಿಯಾದವನಿಗೆ ಗಾಬರಿಯಾಗಬೇಡ ಎನ್ನುವುದು ಮುಳುಗುವವನಿಗೆ ಒದ್ದೆಯಾಗಬೇಡ ಎಂದ ಹಾಗೆ. ಸಿಲಿಂಡರಿನ ಗಾಳಿ ಒಳಗೆ ಹೋಗುತ್ತಿತ್ತು, ಆಚೆ ದಬ್ಬುವ ಯಂತ್ರವನ್ನು ಯಾರೂ ಮಾಡಿರಲಿಲ್ಲ. ಆಸ್ಪತ್ರೆ ಎಪ್ಪತ್ತು ಕಿಲೋಮೀಟರ್ ದೂರ. ಇನ್ನೊಂದು ದೊಡ್ಡ ಏದುಸಿರು ಬಂದರೆ ಅದೇ ಕೊನೆಯದಾಗಬಹುದು ಎಂದು ಡಾಕ್ಟರು ಎಲ್ವಾಳನ್ನು ಅಡುಗೆಮನೆಗೆ ಕರೆದು ಹೇಳಿದ್ದರು.

ಆದರೆ ಶನಿವಾರ ಮಧ್ಯಾಹ್ನ ಏದುಸಿರು ಬರುತ್ತಿರಲಿಲ್ಲ. ಅಂಕಣದಿಂದ "ಹ್ಹೂಂ...ಹ್" ಬಂದಾಗಲೆಲ್ಲ ಕ್ಲೆಮ್ ಅದರ ಜೊತೆಗೇ ಉಸಿರು ಬಿಡುತ್ತಿದ್ದ. ಇಪ್ಪತ್ತು ವರ್ಷ ಅವಳ ಜೋಡಿಯಾಗಿ ಆಡಿದವನು. ಆ ಸದ್ದಿಗೆ ಅವನ ಮೈ ತಾನಾಗಿಯೇ ಓಗೊಡುತ್ತಿತ್ತು. ಶನಿವಾರ ಮೂರು ಗಂಟೆ ಹಾಗೆ ಉಸಿರಾಡಿದವನು ಮಂಗಳವಾರದವರೆಗೆ ದಾಟುತ್ತಿದ್ದ. ಬುಧವಾರ ಅವಳು ಈಗಿನ ಜೋಡಿ ಗ್ಲೆನಿಸ್‌ಳನ್ನು ಕರೆದು ಅಭ್ಯಾಸಕ್ಕಿಳಿದರೆ ಮತ್ತೆ ಶನಿವಾರದವರೆಗೆ. ಹೀಗೆ ಒಂದೂವರೆ ವರ್ಷದಿಂದ ಅವಳು ಅವನನ್ನು ಒಂದೊಂದೇ ಹೊಡೆತಕ್ಕೆ ಈಚೆ ದಡಕ್ಕೆ ಎಳೆಯುತ್ತಿದ್ದಳು.

ಮನೆಯಲ್ಲೇ ಹೂಂಕರಿಸಿದರಾಯಿತಲ್ಲ? ಅದನ್ನೂ ಮಾಡಿ ನೋಡಿದ್ದಳು. ಮಂಚದ ಪಕ್ಕ ನಿಂತು, ಕೈಯಲ್ಲಿ ಚೆಂಡಿಲ್ಲದೆ, "ಹ್ಹೂಂ" ಎಂದರೆ ಮಲಬದ್ಧತೆಯಾದ ಹಸುವಿನ ಸದ್ದು ಬಂತು. ಕ್ಲೆಮ್‌ಗೆ ನಗು ಬಂತು, ನಗುವಿಗೆ ಕೆಮ್ಮು ಬಂತು, ಕೆಮ್ಮಿಗೆ ಆಂಬುಲೆನ್ಸ್ ಬಂತು. ರೇಡಿಯೋ ಹಾಕಿದಳು, ಕುದುರೆ ರೇಸಿನ ವಿವರಣೆ ಕೇಳಿ ಅವನ ಉಸಿರು ಕುದುರೆಗಳಿಗಿಂತ ಮೊದಲೇ ಗುರಿ ಮುಟ್ಟಿತು. ಟಿಕ್ ಟಿಕ್ ಗಡಿಯಾರ ಇಟ್ಟಳು. "ಇದು ನನ್ನ ಉಸಿರು ಎಣಿಸ್ತಾ ಇದೆ, ಎತ್ತಿಡು" ಎಂದ.

ಸೋಮವಾರ ಎಲ್ವಾ ಮಾನ ಬಿಟ್ಟು ಲೋರ್ನಾಳಿಗೆ ಫೋನ್ ಮಾಡಿದಳು.

"ಆ ಮಾತು ವಾಪಸ್ ತಗೋತೀನಿ ಲೋರ್ನಾ."

"ಎರಡು ಗೆರೆ ಎಳೆದಿದ್ದೀಯಲ್ಲ."

"ಎಳೆದೆ. ತಪ್ಪಾಯ್ತು."

"ಕಾರಣ ಹೇಳು, ಯೋಚನೆ ಮಾಡ್ತೀನಿ."

ಕಾರಣ ನಾಲಿಗೆಯ ತುದಿಯಲ್ಲಿತ್ತು. ಆದರೆ ಜಗುಲಿಯಿಂದ ಕ್ಲೆಮ್ ಬೆರಳು ಅಲ್ಲಾಡಿಸುತ್ತಿದ್ದ. "ನನ್ನ ಶ್ವಾಸಕೋಶಾನ... ಟೀ ಜೊತೆ... ತಟ್ಟೇಲಿಟ್ಟು ಹಂಚಬೇಡ" ಎಂದು ಅವನು ಮೊದಲೇ ಆಣೆ ಹಾಕಿಸಿಕೊಂಡಿದ್ದ. ಎಲ್ವಾ ಫೋನ್ ಇಟ್ಟಳು. ಆಡದೇ ಇರೋಣವೆಂದರೆ ನಮ್ಮೂರಲ್ಲಿ ರಾಕೆಟ್ ಹಿಡಿಯುವ ಹೆಂಗಸರೇ ನಾಲ್ಕು ಜನ, ತಂಡಕ್ಕೆ ಬೇಕಾದವರೂ ನಾಲ್ಕೇ. "ನೀನು ಆಡದೇ ಇದ್ದರೆ... ನಾನು ಈಗಲೇ ಸಾಯ್ತೀನಿ" ಎಂದ ಕ್ಲೆಮ್. ಅದು ಬೆದರಿಕೆಯೋ ವರದಿಯೋ ಅವಳಿಗೆ ತಿಳಿಯಲಿಲ್ಲ.

ಆಮೇಲೆ ಸದ್ದಿಲ್ಲದೆ ಆಡುವ ಅಭ್ಯಾಸ ಶುರುವಾಯಿತು. ಜೋಡಿಯವಳು ಗ್ಲೆನಿಸ್, ಶಾಲೆಯ ಟೀಚರು. ಬಾಯಲ್ಲಿ ನೀರು ತುಂಬಿಕೊಂಡು ಆಡು ಎಂದು ಅವಳೇ ಸಲಹೆ ಕೊಟ್ಟಳು. ಮೊದಲ ಹೊಡೆತಕ್ಕೇ ಆ ನೀರು ಬಲೆ ದಾಟಿ ಎದುರಿನ ಅಂಕಣದ ಗೆರೆಯ ಒಳಗೆ ಬಿತ್ತು. ಕರವಸ್ತ್ರ ಕಚ್ಚಿಕೊಂಡಳು, ನುಂಗುವುದೊಂದು ಬಾಕಿ. ಕೊನೆಗೆ ಉಸಿರನ್ನೇ ಒಳಗೆ ಹಿಡಿದು ಆಡಿದಳು. ಆರನೆಯ ಹೊಡೆತಕ್ಕೆ ಮುಖ ಬೀಟ್ರೂಟಾಯಿತು, ಎಂಟನೆಯದಕ್ಕೆ ಕಣ್ಣ ಮುಂದೆ ಎರಡು ಚೆಂಡು.

"ಎಲ್ವಾ, ನೀನು ಸಾಯ್ತೀಯ ಕಣೇ."

"ಮನೇಲಿ ಸರದಿ ಇದೆ. ನಾನು ಮಧ್ಯ ನುಗ್ಗೋ ಹಾಗಿಲ್ಲ."

ಆ ದಿನಗಳಲ್ಲಿ ಅಂಕಣದಿಂದ ಹೂಂಕಾರ ಬರಲಿಲ್ಲ. ಕ್ಲೆಮ್‌ನ ಉಗುರುಗಳು ನೀಲಿಗೆ ತಿರುಗಿದವು.

ಫೈನಲ್ಲಿನ ದಿನ ಮಾರ್ಚ್ ತಿಂಗಳ ಬಿಸಿಲು ಎಷ್ಟಿತ್ತೆಂದರೆ, ಶೆಡ್ಡಿನ ತಗಡಿನ ಮೇಲೆ ಕೂತ ಕಾಗೆ ಒಂದೊಂದೇ ಕಾಲು ಎತ್ತಿ ಇಡುತ್ತಿತ್ತು. ಎಲ್ವಾ ಪಕ್ಕದ ಮನೆಯ ಐವಿಯನ್ನು ಕ್ಲೆಮ್ ಹತ್ತಿರ ಕೂರಿಸಿ, ಜಗುಲಿಯ ಕ್ಯಾನ್ವಾಸ್ ಪರದೆ ತೋರಿಸಿ ಹೇಳಿದಳು: "ಇವನು ಸರಿಯಾಗಿದ್ದರೆ ಪರದೆ ಮೇಲಿರಲಿ. ಉಸಿರು ಕೆಟ್ಟರೆ ಅರ್ಧ ಇಳಿಸು."

"ಪೂರ್ತಿ ಇಳಿಸಿದರೆ?" ಎಂದಳು ಐವಿ, ಯೋಚನೆ ಮಾಡಿ ಮಾತಾಡುವ ಅಭ್ಯಾಸವಿಲ್ಲದವಳು.

"ಪೂರ್ತಿ ಇಳಿಸಬೇಡ," ಎಂದಳು ಎಲ್ವಾ.

ಗಂಡಸರು ಗೆದ್ದು ಸೋತು, ಮಿಶ್ರ ಜೋಡಿಗಳು ಸೋತು ಗೆದ್ದು, ಟೀ ಹೊತ್ತಿಗೆ ಎರಡೂ ಊರು ಸಮ. ಉಳಿದದ್ದು ಒಂದೇ ಸೆಟ್ಟು: ಎಲ್ವಾ ಮತ್ತು ಗ್ಲೆನಿಸ್, ಎದುರಿಗೆ ಲೋರ್ನಾ ಮತ್ತು ಅವಳ ನಾದಿನಿ. ಮೊದಲು ಎಂಟು ಗೇಮ್ ಗೆದ್ದವರಿಗೆ ಕಪ್ಪು.

ಎಲ್ವಾ ತುಟಿ ಬಿಗಿದು ಆಡಿದಳು. ಅವಳ ಮೌನ ನೋಡಿ ಊರಿಗೆ ಊರೇ ಬಿಗಿಯಿತು. ಬೆಂಚಿನ ಮೇಲೆ ಕೂತವರೂ ಉಸಿರು ಹಿಡಿದರು. ಮೊದಲ ಮೂರು ಗೇಮ್ ಹೋದವು. ಆಮೇಲೆ ಗ್ಲೆನಿಸ್ ಮೈಮೇಲೆ ದೇವರು ಬಂದಂತೆ ಆಡಿ ನಾಲ್ಕು ಗೇಮ್ ತಂದಳು. ಐದು ಐದು. ಆರು ಐದು. ಗೆಲ್ಲಬಹುದೇನೋ ಎಂದು ಎಲ್ವಾಳಿಗೆ ಮೊದಲ ಸಲ ಅನ್ನಿಸಿತು. ಸರ್ವ್ ಮಾಡಲು ಚೆಂಡು ಎತ್ತಿಕೊಂಡು, ಬೆವರು ಒರೆಸಲು ರಸ್ತೆಯ ಕಡೆ ತಿರುಗಿದಳು.

ಪರದೆ ಅರ್ಧಕ್ಕಿತ್ತು.

ಅವಳು ಗೇಟಿನ ಕಡೆ ನಾಲ್ಕು ಹೆಜ್ಜೆ ಇಟ್ಟೇಬಿಟ್ಟಳು. ಐದನೆಯದಕ್ಕೆ ನಿಂತಳು. ಮನೆಗೆ ಓಡಿ ಮಾಡುವುದೇನು? ಕೈ ಹಿಡಿದು ಕೂರಬಹುದು, ಗಾಬರಿಯಾಗಬೇಡ ಎನ್ನಬಹುದು. ಅವನಿಗೆ ಬೇಕಾದ್ದು ಆ ಮನೆಯಲ್ಲಿ ಇರಲಿಲ್ಲ. ಅದು ಇಲ್ಲಿತ್ತು, ಈ ಗೆರೆಯ ಮೇಲೆ, ಒಂದು ಚೆಂಡಿಗೆ ಅಂಟಿಕೊಂಡು.

"ಏನಾಯ್ತು ಎಲ್ವಾ?" ಎಂದಳು ಗ್ಲೆನಿಸ್.

ಎಲ್ವಾ ಗೆರೆಗೆ ವಾಪಸಾದಳು. ಚೆಂಡು ಮೇಲಕ್ಕೆಸೆದಳು. ಎರಡು ವಾರದಿಂದ ಒಳಗೆ ಕೂಡಿಹಾಕಿದ್ದ ಉಸಿರೆಲ್ಲ ಒಟ್ಟಿಗೆ ಹೊರಟಿತು. ಆ "ಹ್ಹೂಂ...ಹ್" ಎಂಥದ್ದೆಂದರೆ, ಶೆಡ್ಡಿನಲ್ಲಿ ಟೀ ಕಪ್ಪುಗಳು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿದವು, ಕಾಗೆ ಎರಡೂ ಕಾಲು ಎತ್ತಿಬಿಟ್ಟಿತು, ಗೋಧಿ ಕಣಜದ ತುದಿಯಿಂದ ಮೂವತ್ತು ವರ್ಷದ ಧೂಳು ಉದುರಿತು.

ಚೆಂಡು ಲೋರ್ನಾಳ ಪಕ್ಕದಲ್ಲೇ ಹಾದುಹೋಯಿತು. ಅವಳು ಅದನ್ನು ನೋಡಲೂ ಇಲ್ಲ. ರಾಕೆಟ್ ಇಳಿಸಿ, "ಸೆಟ್ಟು ನಮ್ಮದು" ಎಂದಳು.

"ನಿಮ್ಮದೇ. ಬರಕೋ," ಎಂದಳು ಎಲ್ವಾ. "ಆದರೆ ಚೆಂಡು ವಾಪಸ್ ಹೊಡಿ."

"ಆಟ ಮುಗೀತಲ್ಲೇ."

"ಕಪ್ಪು ತಗೋ, ಪುಸ್ತಕ ತಗೋ, ಶೆಡ್ಡು ಬೇಕಾದರೂ ಕಿತ್ತುಕೊಂಡು ಹೋಗು. ಚೆಂಡು ಹೊಡಿ ಲೋರ್ನಾ. ಕಾಲಿಗೆ ಬೀಳ್ತೀನಿ."

ಎಲ್ವಾ ಟ್ರೆವಿನ್ ಯಾರ ಕಾಲಿಗೂ ಬೀಳುವವಳಲ್ಲ ಎಂಬುದು ಎರಡೂ ಊರಿಗೆ ಗೊತ್ತಿತ್ತು. ಲೋರ್ನಾ ಅವಳ ಕಣ್ಣು ಹೋದ ಕಡೆ ತಾನೂ ನೋಡಿದಳು. ಅರ್ಧ ಇಳಿದ ಪರದೆ, ಅದರ ಕೆಳಗೆ ಮಂಚದ ಕಾಲು, ಸಿಲಿಂಡರು, ಐವಿಯ ಗಾಬರಿಬಿದ್ದ ಪಾದಗಳು. ಲೋರ್ನಾ ಜೇಬಿನಿಂದ ಇನ್ನೊಂದು ಚೆಂಡು ತೆಗೆದು, ಮೆತ್ತಗೆ, ನೇರ ಎಲ್ವಾಳ ಬಲಗೈಗೆ ಹೊಡೆದಳು.

"ಹ್ಹೂಂ...ಹ್."

ಮತ್ತೆ ಹೊಡೆದಳು. ಎಲ್ವಾ ಮತ್ತೆ ಬಿಟ್ಟಳು. ಮೊದಮೊದಲು ಬೇಗ ಬೇಗ, ಅವನ ಉಸಿರು ಇದ್ದಷ್ಟೇ ಬೇಗ. ಆಮೇಲೆ ಚೆಂಡನ್ನು ಎತ್ತರಕ್ಕೆ ಕಳಿಸುತ್ತ, ಒಂದೊಂದು ಹೊಡೆತಕ್ಕೂ ಸ್ವಲ್ಪ ಸ್ವಲ್ಪವೇ ತಡಮಾಡುತ್ತ, ಹೆದರಿದ ಕುದುರೆಯನ್ನು ನಡಿಗೆಗೆ ತರುವ ಹಾಗೆ. ಪರದೆ ಅಲ್ಲಾಡಲಿಲ್ಲ. ಗ್ಲೆನಿಸ್ ಬೆಂಚಿನಲ್ಲಿ ಕೂತು ಅಳುತ್ತಿದ್ದಳು. ಲೋರ್ನಾಳ ಲಂಗದ ಮಡಿಕೆ ಕೆಟ್ಟಿತು, ಹುಟ್ಟಿದ ಮೇಲೆ ಮೊದಲ ಸಲ. ಇಪ್ಪತ್ತು ನಿಮಿಷ ಆಯಿತು. ಎಲ್ವಾಳ ಗಂಟಲು ಹರಿದು ಸದ್ದಿನಲ್ಲಿ ಅರ್ಧ ಗಾಳಿಯೇ ಆಯಿತು. ಅವಳು ಪರದೆ ನೋಡುವುದನ್ನೇ ಬಿಟ್ಟಳು. ಕೆಳಗಿಳಿದಿದ್ದರೆ ನೋಡುವ ಧೈರ್ಯ ಇರಲಿಲ್ಲ.

ನಲವತ್ತು ನಿಮಿಷದ ಮೇಲೆ ಲೋರ್ನಾ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡಳು. "ಎಲ್ವಾ," ಎಂದಳು. "ತಿರುಗಿ ನೋಡು."

ಪರದೆ ಮೇಲಕ್ಕೆ ಹೋಗಿತ್ತು.

ಶೆಡ್ಡಿನಲ್ಲಿ ಲೋರ್ನಾ ಪುಸ್ತಕ ತೆರೆದು, ಸೆಟ್ಟು ವಿಲ್ಕೂರಿಗೆ ಎಂದು ಬರೆದಳು. ಬರೆದದ್ದು ಬರೆದದ್ದೇ; ಕಪ್ಪನ್ನೂ ಎತ್ತಿಕೊಂಡಳು. ಹೋಗುವ ಮೊದಲು ಮೇಜಿನ ಹತ್ತಿರ ಹೋಗಿ, ಎಲ್ವಾ ಮಾಡಿ ತಂದಿದ್ದ ಕೇಕಿನಲ್ಲಿ ಎರಡು ದೊಡ್ಡ ತುಂಡು ತೆಗೆದುಕೊಂಡು ಎಲ್ಲರೆದುರಿಗೇ ತಿಂದಳು. ಅವಳು ಮುಟ್ಟಿದ ಮೇಲೆ ಉಳಿದವರೂ ಮುಟ್ಟಿದರು. "ಬುಧವಾರ ಅಭ್ಯಾಸಕ್ಕೆ ಜನ ಬೇಕಾದರೆ ಹೇಳು," ಎಂದು ಬಾಗಿಲಲ್ಲಿ ಹೇಳಿ ಹೋದಳು.

ಎಲ್ವಾ ರಸ್ತೆ ದಾಟಿದಳು. ಆ ನಲವತ್ತು ಹೆಜ್ಜೆ ಅವತ್ತು ನಾಲ್ಕು ಮೈಲಿ. ಕ್ಲೆಮ್ ದಿಂಬಿಗೊರಗಿ ಕೂತಿದ್ದ. ತುಟಿಗೆ ಬಣ್ಣ ಬಂದಿತ್ತು, ಬಾಯಿ ಎಂದಿನಂತೆ ತೆರೆದೇ ಇತ್ತು. ಇದು ಎಷ್ಟು ದಿನದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಮಂಚದ ತುದಿಯಲ್ಲಿ ಕುಸಿದಳು. ಮಾತಾಡಲು ಗಂಟಲಿರಲಿಲ್ಲ.

"ಸೋತೆಯಾ?" ಎಂದ ಕ್ಲೆಮ್.

ಹೌದೆಂದು ತಲೆಯಾಡಿಸಿದಳು.

"ಬಾಯಿ ಮುಚ್ಕೊಂಡು... ಗೆಲ್ತೀನಿ ಅಂತ... ಊರೆಲ್ಲ ಕೊಚ್ಕೊಂಡಿದ್ದೆ."

ಎಲ್ವಾ ಅವನ ಬೆವರಿದ ಹಣೆಯನ್ನು ತನ್ನ ಟವೆಲಿನಿಂದ ಒರೆಸಿದಳು. ಉಳಿದಿದ್ದ ಪಿಸುದನಿಯಲ್ಲೇ ಹೇಳಿದಳು:

"ನೀನು ಬಾಯಿ ಮುಚ್ಕೊಂಡು ಉಸಿರಾಡೋದು ಕಲಿ ಮುದುಕಾ. ಆಮೇಲೆ ನಾನು ಬಾಯಿ ಮುಚ್ಕೊಂಡು ಗೆಲ್ಲೋದು ಕಲೀತೀನಿ."