ಮಣ್ಣು ಮೂಸುವವರು

ತೀರ್ಥಹಳ್ಳಿಯ ನಮ್ಮ ಬಾವಿನೀರಿಗೆ ಪೆಟ್ರೋಲ್ ವಾಸನೆ ಬಂದಾಗ, ಪಕ್ಕದ ಬಂಕಿನ ಟ್ಯಾಂಕ್ ಸೋರುತ್ತಿದೆಯೇ ಎಂದು ನೋಡಲು ಸರ್ಕಾರಿ ಆಫೀಸರ್ ಜೊತೆ ಮಣ್ಣು ಕೊರೆಯುವವರೊಬ್ಬರು ಬಂದಿದ್ದರು. ಕುಡಿಯಲು ನಮಗೆ ಬೇರೆ ನೀರಿರಲಿಲ್ಲ. ಕೈಯಿಂದ ತಿರುಗಿಸುವ ಉದ್ದನೆಯ ಬೈರಿಗೆಯಲ್ಲಿ ಆಳದ ಮಣ್ಣು ತೆಗೆದು, ಮೊದಲು ತಾವು ಮೂಸಿ, ಆಮೇಲೆ ಅಂಗೈ ಚಾಚುತ್ತಿದ್ದರು. "ಮೂಸಿ ನೋಡಿ ಅಮ್ಮಾ. ಮೂಗಿಗಿಂತ ದೊಡ್ಡ ಲ್ಯಾಬ್ ಎಲ್ಲೂ ಇಲ್ಲ." ಕಾನ್ವೆಂಟಿನಲ್ಲಿ ಸೈನ್ಸ್ ಓದಿದ ನನಗೆ ಈ ಮಾತು ಬಹಳ ಹಿಡಿಸಿತ್ತು.

ಬಾವಿಗೂ ಟ್ಯಾಂಕಿಗೂ ನಡುವೆ ಬೈರಿಗೆ ಊರಿದಾಗ ಆಫೀಸರ್ ಕೂಗಿದರು: "ಅಲ್ಲಿ ಬೇಡ ಮಾರಾಯ, ಬಂಕಿನ ಹಿಂದೆ ದಿಬ್ಬದ ಮೇಲೆ ಹಾಕು."

"ಪೆಟ್ರೋಲು ದಿಬ್ಬ ಹತ್ತುತ್ತಾ ಸಾರ್?" ಎಂದು ಇವರು ನಕ್ಕರು. ನಕ್ಕು, ದಿಬ್ಬದ ಮೇಲೆಯೇ ಕೊರೆದರು. ಬಾಟಲಿಗೆ ತುಂಬಿದ ಮಣ್ಣು ಪರ್ಫೆಕ್ಟ್ಲಿ ಕ್ಲೀನ್. ಟ್ಯಾಂಕ್ ಸೋರಿಲ್ಲವೆಂದು ರಿಪೋರ್ಟ್ ಆಯಿತು.

ಹೊರಟು ನಿಂತ ಬೈರಿಗೆಯವರಿಗೆ ನಮ್ಮ ಕಡೆಯ ಪದ್ಧತಿಯಂತೆ ಬೆಲ್ಲ, ನೀರು ಕೊಟ್ಟೆ. ಬೇಕೆಂದೇ ಆ ಬಾವಿಯಿಂದ ಸೇದಿದ ನೀರು.

"ಮೂಸಿ ನೋಡಿ," ಎಂದೆ.

ಅವರು ಮೂಸಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡು, ತುಂಬಿದ ತಂಬಿಗೆಯನ್ನು ಹಾಗೆಯೇ ಜಗಲಿಯ ಮೇಲಿಟ್ಟು, ಬೈರಿಗೆ ಹೆಗಲಿಗೇರಿಸಿ ನಡೆದರು. ಆ ನೀರನ್ನು ನಾವು ಮತ್ತೂ ಹಲವು ವರ್ಷ ಕುಡಿದೆವು.