ಗನ್‌ಮ್ಯಾನ್ ಗೂಳಪ್ಪನ ಅಡಕತ್ತರಿ

ಹೆಗ್ಗನಹಳ್ಳಿಯಲ್ಲಿ ಗೂಳಪ್ಪನ ಮನೆ ಯಾವುದು ಅಂತ ಕೇಳಿದರೆ ಯಾರೂ ತೋರಿಸುತ್ತಿರಲಿಲ್ಲ. ಗನ್‌ಮ್ಯಾನ್ ಗೂಳಪ್ಪ ಅನ್ನಬೇಕು. ಆಗ ಇಸ್ತ್ರಿ ಅಂಗಡಿಯವನೂ ಹಾಲಿನ ಬೂತಿನವಳೂ ಒಟ್ಟಿಗೇ ಕೈ ಚಾಚುತ್ತಿದ್ದರು. ಮೀಸೆ ಹಾಗಿತ್ತು. ಎರಡು ತುದಿಯೂ ಮೇಲಕ್ಕೆ ಹೋಗಿ ಕಿವಿಗಳ ಯೋಗಕ್ಷೇಮ ವಿಚಾರಿಸುತ್ತಿದ್ದವು. ಬೂದು ಬಣ್ಣದ ಸಫಾರಿ, ಕರೀ ಬೂಟು, ಸೊಂಟದ ಬಲಗಡೆ ಅಂಗಿಯೊಳಗೆ ಒಂದು ಉಬ್ಬು. ಆ ಉಬ್ಬೇ ಅವನ ಅನ್ನ.

ರೋಣದ ಕಡೆಯವನು. ಮಿಲಿಟರಿಯಲ್ಲಿ ಹದಿನೇಳು ವರ್ಷ ಇದ್ದು, ಹವಾಲ್ದಾರನಾಗಿ ಬಿಟ್ಟು ಬಂದವನು. ಇಷ್ಟು ನಿಜ. ಆ ಹದಿನೇಳು ವರ್ಷದಲ್ಲಿ ಹೆಚ್ಚುಪಾಲು ಆಯುಧದ ಉಗ್ರಾಣದಲ್ಲೇ ಕಳೆಯಿತು ಅನ್ನೋದನ್ನ ಮಾತ್ರ ಅವನು ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಬೆಳಿಗ್ಗೆ ಸಾಹೇಬರಿಗೆ ಪಿಸ್ತೂಲು ಎತ್ತಿ ಕೊಡುವುದು, ಸಂಜೆ ವಾಪಸು ತಗೊಂಡು ಎಣ್ಣೆ ಬಟ್ಟೆಯಲ್ಲಿ ಒರೆಸಿ ಕಪಾಟಿನಲ್ಲಿಡುವುದು. ಸೈನ್ಯಕ್ಕೆ ಸೇರಿದ ಹೊಸದರಲ್ಲಿ ರೈಫಲ್ಲು ಹೊಡೆಸಿದ್ದರು. ಪಿಸ್ತೂಲಿನ ಕುದುರೆಯನ್ನು ಅವನ ಬೆರಳು ಒಂದು ಸಲವೂ ಎಳೆದಿರಲಿಲ್ಲ.

ಆದರೆ ಮಾತಿಗೇನು? ಸುಂಕದಕಟ್ಟೆಯ ಟೀ ಅಂಗಡಿಯಲ್ಲಿ ನಿಂತರೆ ಅವನದು ಒಂದೇ ಉಪನ್ಯಾಸ. “ಪಿಸ್ತೂಲು ಅಂದ್ರ ಪಿಸ್ತೂಲ್ರೀ. ಚಪ್ಪಟೆ, ಕರ್ರಗ, ಹಾವಿನ ತಲಿ ಇದ್ದಂಗ. ಎಂಟು ಗುಂಡು ತಾನ ತಾನ ಮ್ಯಾಲ ಬರ್ತಾವ. ರಿವಾಲ್ವರ್ ಏನೈತಿ? ಬ್ರಿಟಿಷರ ಕಾಲದ ಎತ್ತಿನ ಬಂಡಿ. ಆರು ಗುಂಡು, ಆಮ್ಯಾಲೆ ಕೈ ಮುಗುದು ನಿಂದ್ರಬೇಕು.”

ಇಷ್ಟು ಹೇಳುವವನ ಸೊಂಟದಲ್ಲಿ ಇದ್ದದ್ದು ಅದೇ ರಿವಾಲ್ವರು. ಲೈಸೆನ್ಸು ಸಿಕ್ಕಾಗ ಅವನ ಕೈಗೆ ಎಟುಕಿದ್ದು ಅದೊಂದೇ, ಯಾರೋ ಬಳಸಿ ಬಿಟ್ಟದ್ದು. ಬೆನ್ನ ಮೇಲಿನ ಚಿಲಕ ಒತ್ತಿದರೆ ನಡು ಮುರಿದುಕೊಂಡು ಅಡಕತ್ತರಿಯ ಹಾಗೆ ಬಾಯಿ ತೆರೆಯುತ್ತಿತ್ತು; ಕಂಡವರೆಲ್ಲ ಅದನ್ನು ಅಡಕತ್ತರಿ ಅಂತಲೇ ಕರೆಯುತ್ತಿದ್ದರು. ಗುಂಡು ಇಡುವ ಆರು ತೂತಿನ ಉರುಳೆ ದಪ್ಪಗೆ ಹೊಟ್ಟೆ ಬಂದ ಹಾಗೆ. ಎಂಟು ವರ್ಷದಿಂದ ಅದನ್ನು ಕಟ್ಟಿಕೊಂಡು ತಿರುಗುತ್ತಿದ್ದ. ಒಮ್ಮೆಯೂ ಹೊಡೆದು ನೋಡಿರಲಿಲ್ಲ. ಇದು ಹೆಂಡತಿ ಭಾಗವ್ವನಿಗೆ ಮಾತ್ರ ಗೊತ್ತಿತ್ತು.

ಅವನ ಧಣಿ ಚನ್ನವೀರೇಶ. ಬಸವೇಶ್ವರನಗರದಲ್ಲಿ ಮನೆ, ವಿಜಯನಗರದಲ್ಲಿ ಆಫೀಸು, ಕೆಂಗೇರಿಯಾಚೆ ಲೇಔಟು. ಮೂವತ್ತಾರು ವಯಸ್ಸು, ಕೊರಳಲ್ಲಿ ಲಿಂಗದ ಕರಡಿಗೆಗಿಂತ ದಪ್ಪದ ಚಿನ್ನದ ಸರ. ಎರಡು ಸಾವಿರದ ಆರನೇ ಇಸವಿ ಅದು. ಆಗ ಸೈಟು ಮಾರುವವರಿಗೆ ಬೆನ್ನ ಹಿಂದೆ ಒಬ್ಬ ಗನ್‌ಮ್ಯಾನ್ ಇರಲೇಬೇಕಾಗಿತ್ತು. ಶತ್ರುಗಳು ಇದ್ದರು ಅಂತಲ್ಲ. ಗನ್‌ಮ್ಯಾನ್ ಇದ್ದರೆ ಶತ್ರುಗಳು ಇರಬೇಕು, ಶತ್ರುಗಳು ಇದ್ದರೆ ಆಸ್ತಿ ಇರಬೇಕು ಅಂತ ಸೈಟು ಕೊಳ್ಳುವವರು ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು.

ಆ ವರ್ಷ ದೀಪಾವಳಿಗೆ ಮೈಸೂರು ರಸ್ತೆಯುದ್ದಕ್ಕೂ ಫ್ಲೆಕ್ಸು ಹಾಕಿಸಬೇಕು ಅಂತ ಚನ್ನವೀರೇಶ ಫೋಟೋ ತೆಗೆಸಿದ. ತಾನು ಮುಂದೆ ಕೈ ಮುಗಿದು, ಗೂಳಪ್ಪ ಹಿಂದೆ ಮೀಸೆ ಬಿಟ್ಟು. ಫೋಟೋ ನೋಡಿ ಮುಖ ಹುಳ್ಳಗೆ ಮಾಡಿದ.

“ಏನ್ರೀ ಗೂಳಪ್ಪ ಇದು? ಗನ್ ಇಟ್ಕೊಂಡಿದೀರೋ, ಊಟದ ಡಬ್ಬಿ ಕಟ್ಕೊಂಡಿದೀರೋ?”

“ರಿವಾಲ್ವರ್ ಐತಲ್ರೀ ಸಾರ್, ಅದರ ಹೊಟ್ಟಿ ಹಂಗ ಕಾಣತೈತಿ. ನಾನೂ ಹೇಳ್ತೀನಲ್ಲ, ಅದು ಎತ್ತಿನ ಬಂಡಿ ಅಂತ.”

“ಹಾಗಾದ್ರೆ ಬಿಸಾಕಿ. ನಂದು ಹೊಸ ಪಿಸ್ತೂಲ್ ನೋಡಿ ಹೇಗಿದೆ. ನಿಮಗೂ ಅಂಥದ್ದೇ ಕೊಡಿಸ್ತೀನಿ. ದಸರಾ ಕಳೆದ ಮೇಲಿನ ಸೋಮವಾರ ನಿಮ್ಮ ಸೊಂಟದಲ್ಲಿ ಪಿಸ್ತೂಲ್ ಇರ್ಬೇಕು. ಇಲ್ಲಾ ಅಂದ್ರೆ ಪಿಸ್ತೂಲ್ ಇರೋ ಗನ್‌ಮ್ಯಾನ್ ಇರ್ತಾನೆ, ನೀವಿರಲ್ಲ.”

ಗೂಳಪ್ಪ ಸಂತೋಷದಿಂದಲೇ ಒಪ್ಪಿದ. ರಿವಾಲ್ವರು ಮಾರಿ ಪಿಸ್ತೂಲು ಕೊಳ್ಳಲು ಲೈಸೆನ್ಸ್ ಕಚೇರಿಗೆ ಅರ್ಜಿ ಹಾಕಿದ. ಧಣಿಯ ಶಿಫಾರಸಿಗೆ ಅನುಮತಿಯೂ ಬೇಗ ಬಂತು. ಸೋಮವಾರ ಅಡಕತ್ತರಿಯನ್ನು ಬಂದೂಕಿನ ಅಂಗಡಿಗೆ ಒಪ್ಪಿಸಿ ಹಾವಿನ ತಲೆ ತರುವುದೊಂದೇ ಬಾಕಿ.

ಅಷ್ಟರಲ್ಲಿ ಆಯುಧಪೂಜೆ ಬಂತು.

ಹೆಗ್ಗನಹಳ್ಳಿಯಲ್ಲಿ ಭಾಗವ್ವ ಕುಡುಗೋಲು, ಈಳಿಗೆಮಣೆ, ಮಿಕ್ಸಿಗಳ ಸಾಲಿನಲ್ಲಿ ರಿವಾಲ್ವರನ್ನೂ ಮಲಗಿಸಿ ವಿಭೂತಿ ಎಳೆದಳು, ಉರುಳೆಯ ಸುತ್ತ ಕುಂಕುಮ ಹಚ್ಚಿದಳು. “ಈ ವರ್ಷ ಒಂದ ಐತಿ ಇದರ ಪೂಜಿ. ಚಂದಂಗ ಕಳಸೂಣು,” ಅಂದಳು. ಬಸವೇಶ್ವರನಗರದಲ್ಲಿ ಧಣಿಯ ತಾಯಿ ನೀಲಮ್ಮ ಅದಕ್ಕಿಂತ ಹತ್ತು ಪಾಲು ಭಕ್ತಿಯಿಂದ ಹೊಸ ಪಿಸ್ತೂಲಿಗೆ ಪೂಜೆ ಮಾಡಿದರು. ಹೊರಗೆ ಹಚ್ಚಿದರೆ ದೇವರು ಹೊರಗೇ ನಿಲ್ಲುತ್ತಾನೆ ಅಂತ ಮಗನ ಕೈಲಿ ಬಿಚ್ಚಿಸಿ ಒಳಗೂ ಗಂಧ ಬಳಿದರು. ಹಿಡಿಕೆಯೊಳಗಿನ ಗುಂಡಿನ ಡಬ್ಬಿಯನ್ನೂ ಖಾಲಿ ಮಾಡಿಸಿ, ಎಂಟೂ ಗುಂಡಿಗೆ ತುಪ್ಪದಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟು, ಮುತ್ತೈದೆಯರನ್ನು ಸಾಲಾಗಿ ಕೂರಿಸಿದ ಹಾಗೆ ವಾಪಸು ಕೂರಿಸಿದರು. ಹಚ್ಚಿದ ಕುಂಕುಮವನ್ನು ವಾರದೊಳಗೆ ಅಳಿಸಬಾರದು ಅಂತ ಎರಡೂ ಮನೆಯಲ್ಲಿ ಕಟ್ಟಪ್ಪಣೆ.

ಹಬ್ಬ ಕಳೆದ ಭಾನುವಾರ ಬೆಳಿಗ್ಗೆ ಚನ್ನವೀರೇಶ ಫೋನು ಮಾಡಿದ. “ಗೂಳಪ್ಪ, ರೈಫಲ್ ಕ್ಲಬ್ಬಿಗೆ ಹೋಗ್ತಾ ಇದೀವಿ. ಪಾರ್ಟ್‌ನರ್‌ಗಳು ಬರ್ತಾರೆ. ಹೇಗೆ ಹೊಡೀಬೇಕು ಅಂತ ನೀವೇ ಹೇಳ್ಕೊಡಿ. ಮಿಲಿಟರಿ ಅಲ್ವಾ?”

ಗೂಳಪ್ಪ ಫೋನು ಕೆಳಗಿಟ್ಟ. ತಿಂಡಿ ತಟ್ಟೆ ಹಾಗೇ ಬಿಟ್ಟು ಎದ್ದ.

“ಹೇಳಿಬಿಡ್ರಲ್ಲ, ನನಗ ಬರಂಗಿಲ್ಲಂತ,” ಅಂದಳು ಭಾಗವ್ವ.

“ಹೇಳಿದ್ರ ನಾಳಿಂದ ಏನ್ ತಿನ್ನೂಣು? ಈ ಮೀಸಿ ತಿನ್ನೂಣೇನು?”

ಕೆಂಗೇರಿ ದಾಟಿ, ಕಲ್ಲುಬಂಡೆಗಳ ನಡುವೆ ಇತ್ತು ಕ್ಲಬ್ಬು. ಮಣ್ಣಿನ ದಿಬ್ಬದ ಮುಂದೆ ಕಾಗದದ ಗುರಿಗಳನ್ನು ನಿಲ್ಲಿಸಿದ್ದರು. ನೋಡಿಕೊಳ್ಳುವವರು ರೇವಣಸಿದ್ದಯ್ಯ ಅಂತ, ಪೊಲೀಸಿನಿಂದ ನಿವೃತ್ತರಾದ ಸಬ್‌ಇನ್ಸ್‌ಪೆಕ್ಟರು. ಸಣಕಲು ಮೈ, ಹಣೆ ತುಂಬ ವಿಭೂತಿ, ಮಾತು ಮಾತ್ರ ಬೆತ್ತದೇಟಿನ ಹಾಗೆ.

ಚನ್ನವೀರೇಶ ಗೂಳಪ್ಪನ ಪಾಠಕ್ಕೆ ಕಾಯಲಿಲ್ಲ. ಇಬ್ಬರು ಪಾರ್ಟ್‌ನರ್‌ಗಳು ಮೊಬೈಲಿನಲ್ಲಿ ಫೋಟೋ ಹಿಡಿಯಲು ನಿಂತರು. ಇವನು ಕಪ್ಪು ಕನ್ನಡಕ ಹಾಕಿಕೊಂಡು, ಪಕ್ಕಕ್ಕೆ ತಿರುಗಿ, ಪಿಸ್ತೂಲೆತ್ತಿ ಒಂದು ಹೊಡೆದ. ಢಂ! ಗುರಿಯ ಕಾಗದಕ್ಕೆ ಏನೂ ಆಗಲಿಲ್ಲ. ದಿಬ್ಬದ ಮೇಲಿದ್ದ ಕಾಗೆ ಸಾವಕಾಶವಾಗಿ ಎದ್ದು ಹೋಯಿತು. ಎರಡನೆಯ ಸಲ ಎಳೆದರೆ ಸದ್ದೇ ಇಲ್ಲ. ಹಾರಿದ ಗುಂಡಿನ ಖಾಲಿ ಚಿಪ್ಪು ಹೊರಗೆ ಬೀಳದೆ ಪಿಸ್ತೂಲಿನ ಬಾಗಿಲಲ್ಲೇ ನೆಟ್ಟಗೆ ನಿಂತುಬಿಟ್ಟಿತ್ತು. ಚನ್ನವೀರೇಶ ಅದನ್ನು ಗಡಿಯಾರದ ಹಾಗೆ ಅಲ್ಲಾಡಿಸಿ ಕಿವಿಗೆ ಹಿಡಿದ. ಆಮೇಲೆ, “ನೋಡ್ರೀ, ಏನೋ ಸಿಕ್ಕಾಕ್ಕೊಂಡಿದೆ,” ಅಂತ ಪಾರ್ಟ್‌ನರ್‌ಗಳ ಕಡೆಗೇ ತಿರುಗಿಸಿದ.

ಪಾರ್ಟ್‌ನರ್‌ಗಳಿಬ್ಬರೂ ದೇವರ ಮುಂದೆ ದೀರ್ಘದಂಡ ಹಾಕಿದವರಂತೆ ನೆಲಕ್ಕೆ ಬಿದ್ದರು.

“ಬಾಯಿ ಅತ್ಲಾಗೆ! ಬಾಯಿ ಅತ್ಲಾಗೆ ತಿರುಗಿಸ್ರೀ!” ರೇವಣಸಿದ್ದಯ್ಯ ಓಡಿ ಬಂದು ಕಿತ್ತುಕೊಂಡರು. ಬಿಚ್ಚಿ ನೋಡಿದರು. ಒಳಗೆಲ್ಲ ಕೆಂಪು, ಮೂಲೆ ಮೂಲೆಯಲ್ಲಿ ಒಣಗಿದ ಗಂಧ. ಗುಂಡುಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

“ಸ್ವಾಮಿ, ಇದು ಪಿಸ್ತೂಲೋ, ಅರಿಶಿನ ಕುಂಕುಮಕ್ಕೆ ಕರೆದ ಗರತಿಯೋ?”

“ಅಮ್ಮ ಪೂಜೆ ಮಾಡಿದ್ರು ಸಾರ್,” ಅಂದ ಚನ್ನವೀರೇಶ, ಬೈಸಿಕೊಂಡ ಹುಡುಗನ ದನಿಯಲ್ಲಿ.

“ಪೂಜೆ ಫಲಿಸಿದೆ ಬಿಡಿ. ಇನ್ನು ಇದು ಯಾರನ್ನೂ ಕೊಲ್ಲಲ್ಲ.”

ನೆಲದ ಮೇಲಿದ್ದವರು ಮಣ್ಣು ಕೊಡವಿಕೊಂಡು ಎದ್ದು ನಕ್ಕರು. ಆ ನಗುವನ್ನು ಧಣಿಗೆ ತಡೆಯಲಾಗಲಿಲ್ಲ. ಬೇರೆ ಯಾರನ್ನಾದರೂ ನೋಡಿ ಅವರು ನಗಬೇಕಿತ್ತು. “ಗೂಳಪ್ಪ, ತೆಗೀರಿ ನಿಮ್ಮ ಅಡಕತ್ತರಿ. ಅದೂ ಒಂದು ತಮಾಷೆ ಆಗ್ಲಿ.”

ಗೂಳಪ್ಪ ರಿವಾಲ್ವರು ತೆಗೆದು ನಿಂತ. ಅದರ ಮೈಗೂ ಕುಂಕುಮವೇ. ರೇವಣಸಿದ್ದಯ್ಯ ಪಕ್ಕಕ್ಕೆ ಬಂದು ನಿಂತಾಗ ಮೀಸೆಯ ಸಂದಿಯಿಂದಲೇ ಪಿಸುಗುಟ್ಟಿದ. “ಸಾಹೇಬ್ರ, ನಾ ಯಾವತ್ತೂ ಇದನ್ನ ಹೊಡದಿಲ್ರೀ.”

“ನೀವು ಹಿಡಿದಿದ್ದು ನೋಡಿದಾಗಲೇ ಗೊತ್ತಾಯ್ತು. ಬಸ್ಸಲ್ಲಿ ಕಂಬಿ ಹಿಡಿದ ಹಾಗೆ ಹಿಡಿದಿದೀರ. ಎರಡೂ ಕೈ ಹಾಕಿ. ಉಸಿರು ಬಿಟ್ಟು ನಿಧಾನಕ್ಕೆ ಎಳೀರಿ.”

ಎಳೆದ. ಟಿಕ್.

ಎಂಟು ವರ್ಷದ ಹಳೇ ಗುಂಡು, ಠುಸ್ಸಾಗಿತ್ತು. ಹಿಂದಿನಿಂದ ಪಾರ್ಟ್‌ನರ್‌ಗಳು ಹೋ ಅಂದರು. “ಅಡಿಕೆ ಕೂಡ ಕತ್ತರಿಸಲ್ಲ ಗುರು ಇದು!” ಅಂದ ಒಬ್ಬ. ಗೂಳಪ್ಪನ ಕಣ್ಣ ಮುಂದೆ ಸೋಮವಾರ, ಬಾಡಿಗೆ ಮನೆ, ಭಾಗವ್ವನ ಮುಖ ಎಲ್ಲ ಬಂದು ಹೋದವು.

“ಯಾಕೆ ನಿಂತ್ರಿ? ಮತ್ತೆ ಎಳೀರಿ,” ಅಂದರು ರೇವಣಸಿದ್ದಯ್ಯ.

“ಗುಂಡು ಸತ್ತೈತಲ್ರೀ. ತಗದು—”

“ತೆಗೆಯೋದೇನೂ ಬೇಡ. ಅದಕ್ಕೇ ರೀ ಅದು ರಿವಾಲ್ವರ್ರು. ಸತ್ತದ್ದು ಪಕ್ಕಕ್ಕೆ ಸರಿಯುತ್ತೆ, ಮುಂದಿನದು ಬಂದು ನಿಲ್ಲುತ್ತೆ. ಎಳೀರಿ.”

ಎಳೆದ. ಉರುಳೆ ಒಂದು ಮನೆ ತಿರುಗಿತು. ಢಂ! ಮೈಯೆಲ್ಲ ಜುಮ್ಮೆಂದು, ಮೀಸೆಯ ತುದಿ ಅದುರಿತು. ಆಮೇಲೆ ಬೆರಳೇ ಎಳೆಯುತ್ತ ಹೋಯಿತು. ಢಂ, ಢಂ, ಢಂ, ಢಂ. ಕುಂಕುಮದ ಪುಡಿ ಹಾರಿ ಅವನ ಹಣೆಗೇ ಬಂತು. ರೇವಣಸಿದ್ದಯ್ಯ ಹೋಗಿ ಕಾಗದ ನೋಡಿ ಬಂದರು. ಐದರಲ್ಲಿ ಮೂರು ಒಳಗಿದ್ದವು, ಒಂದು ನಡುಗಣ್ಣಿಗೆ ಹತ್ತಿರ.

ಗೂಳಪ್ಪ ಕೈಯಲ್ಲಿದ್ದ ಆ ದಪ್ಪ ಹೊಟ್ಟೆಯ ಕಬ್ಬಿಣವನ್ನು ಮೊದಲ ಸಲ ಕಂಡವನ ಹಾಗೆ ನೋಡಿದ. ಎಂಟು ವರ್ಷ ಸೊಂಟದಲ್ಲಿ ಕೂತು ತನ್ನ ಬಾಯಿಂದಲೇ ಬೈಸಿಕೊಂಡಿದ್ದು ಇದು. ಒಂದು ದಿನವೂ ಎದುರು ಮಾತಾಡಿರಲಿಲ್ಲ. ಇವತ್ತು ಕೇಳಿದ ಕೂಡಲೇ ಕೆಲಸ ಮಾಡಿತ್ತು. ತಾನು ಇಷ್ಟು ವರ್ಷ ಪಿಸ್ತೂಲನ್ನು ಹೊಗಳಿದ್ದು ಸಾಹೇಬರ ಸೊಂಟ ನೋಡಿ, ಪಿಸ್ತೂಲು ನೋಡಿ ಅಲ್ಲ ಅಂತ ಅವನಿಗೆ ಅಲ್ಲಿ ನಿಂತಲ್ಲೇ ತಿಳಿಯಿತು.

ಕಾರಿನ ಹತ್ತಿರ ಬಂದಾಗ ಹೇಳಿಯೇಬಿಟ್ಟ. “ಸಾರ್, ನಾ ಇದನ್ನ ಮಾರಂಗಿಲ್ರೀ. ನನ್ನ ಮನಸ್ಸು ತಿರುಗೇತಿ. ನಾಳೆ ನಿಮಗ ಏನರ ಆದ್ರ ಉಳಸೂದು ಇದ.”

ಚನ್ನವೀರೇಶ ಕನ್ನಡಕ ತೆಗೆದು ಅವನನ್ನೇ ನೋಡಿದ. “ಗೂಳಪ್ಪ, ಮೂರು ವರ್ಷದಲ್ಲಿ ನನ್ನ ಮೇಲೆ ಯಾರಾದ್ರೂ ಒಂದು ಕಲ್ಲು ಎಸೆದಿದಾರಾ?”

“ಇಲ್ರೀ.”

“ಎಸೆಯಲ್ಲ. ನಾನೇನು ಅಷ್ಟು ದೊಡ್ಡ ಮನುಷ್ಯನಾ? ನಿಮ್ಮ ಕೆಲಸ ಹೊಡೆಯೋದಲ್ಲ, ನಿಲ್ಲೋದು. ನಿಂತಾಗ ಚೆನ್ನಾಗಿ ಕಾಣ್ಬೇಕು. ಫ್ಲೆಕ್ಸಿನಲ್ಲಿ ಢಂ ಅನ್ನೋದು ಕೇಳ್ಸಲ್ಲ ಕಣ್ರೀ. ನಂದೂ ಹೊಡೆಯಲ್ಲ, ಆದ್ರೆ ಹೇಗೆ ಕಾಣುತ್ತೆ ನೋಡಿ! ನಾಳೆ ಪಿಸ್ತೂಲ್ ತಗೊಂಡು ಬನ್ನಿ, ಇಲ್ಲಾ ಬರಲೇಬೇಡಿ.”

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಭಾಗವ್ವ ಕೇಳುತ್ತ ರೊಟ್ಟಿ ತಟ್ಟುತ್ತಿದ್ದಳು.

“ಕರೆಂಟು ಹೋದ್ರ ಮಿಕ್ಸಿ ನಿಂದರತೈತಿ, ರುಬ್ಬೋ ಕಲ್ಲು ನಿಂದರತೈತೇನ್ರಿ? ಅದಕ ಎಂಟು ವರ್ಷ ಬೇಕಾತೇನು ನಿಮಗ?” ಅಂದಳು. ರೊಟ್ಟಿಯನ್ನು ಹೆಂಚಿಗೆ ಹಾಕಿ, “ಕೆಲಸ ಹೋದ್ರ ಹೋಗ್ಲಿ. ಆದ್ರ ಸುಮ್ನ ಕುಂದರಬ್ಯಾಡ್ರಿ, ನನ್ನ ತಲಿ ತಿಂತೀರಿ.”

ಸೋಮವಾರ ಗೂಳಪ್ಪ ವಿಜಯನಗರದ ಬಸ್ಸು ಹತ್ತಲಿಲ್ಲ. ಲೈಸೆನ್ಸ್ ಕಚೇರಿಗೆ ಹೋಗಿ ಅನುಮತಿ ಬೇಡ, ಅರ್ಜಿ ವಾಪಸು ಬೇಕು ಅಂದ. ಗುಮಾಸ್ತ ಕಾಗದ ಮುಂದಕ್ಕೆ ತಳ್ಳಿ ಕಾರಣ ಬರೆಯಿರಿ ಅಂದ. ಗೂಳಪ್ಪ ದುಂಡಗೆ ಬರೆದ: ‘ರಿವಾಲ್ವರು ಕೆಟ್ಟದ್ದೆಂದು ಹೇಳುತ್ತಿದ್ದೆ. ಪ್ರಯೋಗ ಮಾಡಲಾಗಿ ಒಳ್ಳೆಯದೆಂದು ತಿಳಿದುಬಂದಿದೆ.’ ಗುಮಾಸ್ತ ಎರಡು ಸಲ ಓದಿದ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ತಪ್ಪು ಒಪ್ಪಿಕೊಂಡ ಅರ್ಜಿ ಇದೇ ಮೊದಲು ಅಂತ ಪಕ್ಕದ ಮೇಜಿನವನಿಗೂ ತೋರಿಸಿ ಮೊಹರು ಒತ್ತಿದ.

ಆ ವಾರದಲ್ಲೇ ಮೈಸೂರು ರಸ್ತೆಯಲ್ಲಿ ಫ್ಲೆಕ್ಸು ಎದ್ದಿತು. ಚನ್ನವೀರೇಶನ ಹಿಂದೆ ಹೊಸ ಗನ್‌ಮ್ಯಾನು, ಎತ್ತರದವನು, ಸೊಂಟದಲ್ಲಿ ಚಪ್ಪಟೆ ಕರೀ ಪಿಸ್ತೂಲು. ಬಹಳ ಚೆನ್ನಾಗಿ ಕಾಣುತ್ತಿತ್ತು.

ಗೂಳಪ್ಪ ಎಂಟು ದಿನ ಕೆಲಸ ಹುಡುಕಿದ. ಮೀಸೆ ನೋಡಿ ಕರೆದವರೆಲ್ಲ ಪಿಸ್ತೂಲು ಕೇಳುತ್ತಿದ್ದರು. ಕೊನೆಗೆ ಲಗ್ಗೆರೆಯ ಒಂದು ಕಲ್ಯಾಣಮಂಟಪದ ಮ್ಯಾನೇಜರು ಒಳಗೆ ಕರೆದು ಕೂರಿಸಿದರು.

“ಮಿಲಿಟರೀಲಿ ಹದಿನೇಳು ವರ್ಷ ಅಂತೀರಿ. ಪಿಸ್ತೂಲು ಗಿಸ್ತೂಲು ಹೊಡೆದಿದೀರಾ?”

ಮೊದಲಾಗಿದ್ದರೆ ಕಾಶ್ಮೀರದಿಂದ ಶುರು ಮಾಡುತ್ತಿದ್ದ. ಈಗ ಮನಸ್ಸಿನಲ್ಲೇ ಒಂದು ಸಲ ಸರಿಯಾಗಿ ನೆನಪು ಮಾಡಿಕೊಂಡ.

“ಪಿಸ್ತೂಲು ಹೊಡದಿಲ್ರೀ. ರಿವಾಲ್ವರ್ ಐದು ಸಲ ಹೊಡದೀನಿ.”

“ಹದಿನೇಳು ವರ್ಷದಲ್ಲಿ ಐದೇ ಸಲಾನಾ?”

“ಅಲ್ರೀ, ಮಿಲಿಟರಿ ಬಿಟ್ಟ ಮ್ಯಾಲ. ಮೊನ್ನಿ ಭಾನುವಾರದ ಹಿಂದಿನ ಭಾನುವಾರ.”

ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾಗಿ, ಮೇಜಿನ ಖಾನೆಯಿಂದ ಒಂದು ಸೀಟಿ ತೆಗೆದು ಅವನ ಮುಂದಿಟ್ಟರು. “ಇಲ್ಲಿ ಮದುವೆಗೆ ಬಂದವರ ಚಪ್ಪಲಿ ಕಳುವಾಗ್ತಾ ಇದೆ. ನಿಜ ಹೇಳೋ ಮನುಷ್ಯ ಬೇಕಿತ್ತು. ಗುರುವಾರ ಮುಹೂರ್ತ ಇದೆ, ಬೆಳಿಗ್ಗೆ ಐದಕ್ಕೆ ಬರ್ತೀರಾ?”

ಗೂಳಪ್ಪ ಸೀಟಿಯನ್ನು ಬಾಯಿಗಿಟ್ಟು, ಊದುತ್ತೋ ಇಲ್ಲವೋ ಅಂತ ಅಲ್ಲೇ ಒಂದು ಸಲ ಊದಿ ನೋಡಿದ. ಆಮೇಲೆ ಬರ್ತೀನಿ ಅಂದ.