ಹಡಗಿನೊಳಗಿನ ಹೊಗೆ

ನಂಜಪ್ಪಣ್ಣ, ನಿಮ್ಮ ದನಿ ಹೋದದ್ದು ಬೀಡಿಯಿಂದಲ್ಲ, ಹಡಗಿನೊಳಗಿನ ಹೊಗೆಯಿಂದ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ವಿಚಾರಣೆಯಲ್ಲಿ ಸುಳ್ಳು ಹೇಳಿದೆ.

ಕರಾವಳಿಯಲ್ಲಿ ಒಡೆದ ಹಳೆಯ ಹಡಗನ್ನು ಲಾರಿಗಳಲ್ಲಿ ತಂದು, ರಾಮನಗರದ ಬಂಡೆಗಳ ಪಕ್ಕ ಮತ್ತೆ ಬೆಸೆದು, ಭೂತದ ಹಡಗೆಂದು ಟಿಕೆಟ್ ಮಾರುತ್ತಿದ್ದ ರೆಸಾರ್ಟ್ ಅದು. ಅಲ್ಲಿ ಭೂತಗಳ ಪಾತ್ರ ಮಾಡುವವರಿಗೆ ಅಭಿನಯ ಕಲಿಸುವವಳು ನಾನು. ವಿಶ್ವವಿದ್ಯಾಲಯದಲ್ಲಿ ರಂಗಭೂಮಿ ಓದಿದವಳು. ದುಡಿಯುವವರ ಹಕ್ಕುಗಳ ಬಗ್ಗೆ ಅಲ್ಲಿನ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದವಳು. ನೀವು ತಿಪ್ಪಸಂದ್ರದಲ್ಲಿ ರಾಗಿ ಬೆಳೆಯುವವರು; ಪೌರಾಣಿಕ ನಾಟಕದಲ್ಲಿ ನಿಮ್ಮ ದುರ್ಯೋಧನನ ಪದ್ಯ ಕೇಳಲು ಕನಕಪುರದಿಂದಲೂ ಜನ ಬರುತ್ತಿದ್ದರು. ಮುಳುಗಿ ಸತ್ತ ಕಪ್ತಾನನ ಪಾತ್ರ ಕೊಟ್ಟಾಗ ನಕ್ಕುಬಿಟ್ಟಿರಿ.

“ಸಮುದ್ರಾನೇ ನೋಡಿಲ್ಲ ಕಣವ್ವಾ ನಾನು. ಮುಳುಗಿ ಸಾಯಾದು ಹೆಂಗೆ ಅಂತ ಒಸಿ ಹೇಳ್ಕೊಡು.”

ಹೇಳಿಕೊಟ್ಟೆ. ಕಿಟಕಿಯಿಲ್ಲದ ಎಂಜಿನ್ ಕೋಣೆ, ಮೂಲೆಯಲ್ಲಿ ಹೊಗೆಯ ಯಂತ್ರ. ಆ ಹೊಗೆಯಿಂದ ಎದ್ದು ಬಂದು ನೀವು ಒಂದೇ ಉಸಿರಿನಲ್ಲಿ ಗೋಳಿಡಬೇಕು. ಎದೆ ಉರಿಯುತ್ತದೆ, ಹೊಗೆ ಕಡಿಮೆ ಮಾಡಿಸು ಎಂದು ಕೇಳಿಕೊಂಡಿರಿ. ಮ್ಯಾನೇಜರಿಗೆ ಹೇಳುತ್ತೇನೆಂದೆ. ಹೇಳಲಿಲ್ಲ. ಹೊಗೆಯಲ್ಲಿ ನಿಮ್ಮ ದನಿ ಒಡೆಯುತ್ತಿದ್ದ ಬಗೆ ನನಗೆ ಇಷ್ಟವಾಗಿತ್ತು — ಅದನ್ನು ಕಲೆ ಎಂದುಕೊಂಡಿದ್ದೆ.

ಆ ಭಾನುವಾರದ ಪ್ರದರ್ಶನದಲ್ಲಿ ಗೋಳಿಡುತ್ತಲೇ ಕೆಮ್ಮು ಹತ್ತಿ, ಕಂಬಿ ಹಿಡಿದು ಬಗ್ಗಿದಿರಿ. ಜನ ಅದನ್ನೂ ಅಭಿನಯವೆಂದು ಚಪ್ಪಾಳೆ ತಟ್ಟಿದರು. ಪರದೆಯ ಹಿಂದಿದ್ದ ನನಗೆ ಮಾತ್ರ ನಿಮ್ಮ ಮುಖ ಕಾಣುತ್ತಿತ್ತು. ಆದರೂ ಕೂಗಿದೆ:

“ಒನ್ಸ್ ಮೋರ್, ನಂಜಪ್ಪಣ್ಣ.”

ನಿಮ್ಮ ನಾಟಕಗಳಲ್ಲಿ ಆ ಕೂಗು ಎದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ಪದ್ಯವನ್ನು ಮತ್ತೆ ಹಾಡಬೇಕು. ಬಣ್ಣ ಹಚ್ಚಿದವರು ಆಗುವುದಿಲ್ಲ ಎನ್ನುವುದಿಲ್ಲ. ಅದನ್ನು ತಿಳಿದೇ ಕೂಗಿದೆ. ನೀವು ಎದ್ದಿರಿ, ಎದೆ ತುಂಬ ಆ ಹೊಗೆಯನ್ನೇ ಎಳೆದುಕೊಂಡಿರಿ — ದನಿ ಅರ್ಧದಲ್ಲಿ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

ಹೊಗೆಯ ಬಗ್ಗೆ ನಂಜಪ್ಪ ದೂರಿದ್ದರೇ ಎಂದು ಕಾರ್ಮಿಕ ಇಲಾಖೆಯ ವಿಚಾರಣೆಯಲ್ಲಿ ಕೇಳಿದರು. ಇಲ್ಲ, ಬೀಡಿ ಸೇದುತ್ತಿದ್ದರು ಎಂದೆ. ಅಷ್ಟು ಸಾಕಾಯಿತು, ರೆಸಾರ್ಟಿನವರು ನಿಮ್ಮ ಚಿಕಿತ್ಸೆಯ ಹೊಣೆಯಿಂದ ಕೈತೊಳೆದುಕೊಂಡರು. ನನ್ನ ಕೆಲಸ ಉಳಿಯಿತು. ಆಗ ಆಸ್ಪತ್ರೆಯಲ್ಲಿದ್ದ ನೀವು, ನಾನು ನಿಮ್ಮ ಪರವೇ ಹೇಳಿದೆನೆಂದು ನಂಬಿಕೊಂಡಿರಿ.

ವರ್ಷಗಳ ನಂತರ, ಮೊನ್ನೆ, ಮಾಗಡಿ ಬಸ್ ನಿಲ್ದಾಣದಲ್ಲಿ ನಿಮ್ಮ ಮಗಳು ಸಿಕ್ಕಳು. ಬಯ್ಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ನನ್ನ ಕೈ ಹಿಡಿದುಕೊಂಡಳು.

“ಅಪ್ಪಯ್ಯ ಈಗ್ಲೂ ಸನ್ನೆ ಮಾಡಿ ಹೇಳ್ತದೆ ಕಣಕ್ಕಾ — ಆವತ್ತು ವಿಚಾರಣೇಲಿ ನೀವೊಬ್ರೇ ನನ್ ಪರ ಮಾತಾಡಿದ್ದು ಅಂತ.”

ಆಗಲೂ ನಿಜ ಹೇಳದೆ, ಅವಳ ಚೀಲ ಎತ್ತಿಕೊಟ್ಟು ಬಸ್ ಹತ್ತಿಸಿದೆ.

ಹೊಗೆ ಬಿಟ್ಟವರು ಉತ್ತರ ಕೊಡಬೇಕು; ಕೊಡುವವರೆಗೂ ಕೇಳುತ್ತೇನೆ. ಆದರೆ ಅದಕ್ಕೆ ಮೊದಲು ಉತ್ತರ ಕೊಡಬೇಕಾದವಳು ನಾನು. ಸೋಮವಾರ ಕಾರ್ಮಿಕ ಅಧಿಕಾರಿಯ ಮುಂದೆ ನನ್ನ ಸುಳ್ಳನ್ನು ನಾನೇ ಬರೆದುಕೊಡುತ್ತೇನೆ. ಆಮೇಲೆ ತಿಪ್ಪಸಂದ್ರಕ್ಕೆ ಬಂದು ನಿಮ್ಮೆದುರು ಕೂತು ಇದಿಷ್ಟನ್ನೂ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ನೀವು ಬಯ್ಯಬೇಕು ಅಷ್ಟೆ — ಬಯ್ಯುವುದಕ್ಕೂ ನಿಮಗೆ ದನಿ ಉಳಿಸಿಲ್ಲ ನಾನು.